ವೈ-ಫೈಗೂ ಒಬ್ಬ ನೀರುಗಂಟಿ ಬೇಕು

(ಬ್ಲಾಕಿನ ರೈತರ ಕೂಟದಲ್ಲಿ ಮಾಡಿದ ಭಾಷಣ)



ಹಳ್ಳಿಯ ಏಳಿಗೆಯ ಮಾತು ಬಂದಾಗಲೆಲ್ಲ ನಾವು ರಸ್ತೆ, ಕುಡಿಯುವ ನೀರು, ಶಾಲೆ, ಆಸ್ಪತ್ರೆ, ವಿದ್ಯುತ್ತು ಎಂದು ಐದನ್ನು ಎಣಿಸುವುದು ರೂಢಿ. ಈಗ ಆರನೆಯದೊಂದು ಸೇರಿಕೊಂಡಿದೆ. ಅದೇ ಇಂಟರ್ನೆಟ್ಟು. ಪಂಚಾಯಿತಿ ಕಟ್ಟಡದಲ್ಲೋ, ವಾಚನಾಲಯದಲ್ಲೋ, ಹಾಲಿನ ಡೇರಿಯಲ್ಲೋ ಒಂದು ಸಣ್ಣ ಪೆಟ್ಟಿಗೆಯನ್ನಿಟ್ಟು, ಊರಿನವರು ಯಾರೇ ಆಗಲಿ ಕಾಸು ಕೊಡದೆ ತಮ್ಮ ಫೋನಿಗೆ ಇಂಟರ್ನೆಟ್ ಪಡೆಯುವಂತೆ ಮಾಡತಕ್ಕ ಏರ್ಪಾಟಿಗೆ ಉಚಿತ ಸಾರ್ವಜನಿಕ ವೈ-ಫೈ ಎಂದು ಹೆಸರು. ಇದು ನಮಗೆ ಬೇಕೆ? ಬಂದರೆ ಅದನ್ನು ಉಳಿಸಿಕೊಳ್ಳುವ ಬಗೆ ಯಾವುದು? ಈ ಎರಡು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಇದು ನಮಗೆ ಬೇಕೆ?

"ಈಗ ಎಲ್ಲರ ಕೈಯಲ್ಲೂ ಫೋನಿದೆ, ರೀಚಾರ್ಜು ಮಾಡಿಸಿದರೆ ಇಂಟರ್ನೆಟ್ಟು ತಾನಾಗಿಯೇ ಬರುತ್ತದೆ. ಊರ ಪೆಟ್ಟಿಗೆ ಏತಕ್ಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಎಲ್ಲ ಮನೆಗಳ ಸ್ಥಿತಿ ಒಂದೇ ಅಲ್ಲ. 2024ರ ಜುಲೈಯಲ್ಲಿ ದೊಡ್ಡ ಖಾಸಗಿ ಮೊಬೈಲ್ ಕಂಪನಿಗಳೆಲ್ಲ ದರ ಏರಿಸಿದವು. ಕೂಲಿ ಇಲ್ಲದ ತಿಂಗಳಲ್ಲಿ ರೀಚಾರ್ಜು ನಿಲ್ಲುವ ಮನೆಗಳು ನಮ್ಮ ಕೇರಿಗಳಲ್ಲಿವೆ. ನಾಲ್ಕು ಜನರಿಗೆ ಒಂದೇ ಫೋನಿರುವ ಮನೆಗಳಿವೆ. ಆ ಒಂದು ಫೋನು ಗಂಡಸರ ಜೇಬಿನಲ್ಲಿ ಪೇಟೆಗೆ ಹೋದರೆ, ಓದುವ ಹುಡುಗಿಗೆ ದಾರಿ ಯಾವುದು? ಇನ್ನು ಮಲೆನಾಡಿನ ಕಣಿವೆಗಳಲ್ಲಿ ರೀಚಾರ್ಜು ಮಾಡಿಸಿದರೂ ಸಿಗ್ನಲ್ಲೇ ಬರುವುದಿಲ್ಲ.

ಕೋವಿಡ್ ಕಾಲವನ್ನು ನೆನಪಿಗೆ ತಂದುಕೊಳ್ಳಿ. 2020 ಮತ್ತು 2021ರಲ್ಲಿ ಪಾಠವೆಲ್ಲ ಫೋನಿಗೆ ಬಂದಾಗ, ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ಸುರಿವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತು, ಮಗಳು ರಸ್ತೆಯ ಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದ ಚಿತ್ರವನ್ನು 2021ರ ಜೂನ್ ತಿಂಗಳಲ್ಲಿ ನಾಡೆಲ್ಲ ನೋಡಿತು. ಆ ಊರ ನಡುವೆ ನೆಟ್ಟಗೆ ನಡೆಯುವ ಒಂದು ವೈ-ಫೈ ಇದ್ದಿದ್ದರೆ ಆ ಮಗು ಸೂರಿನ ಕೆಳಗೆ ಕುಳಿತು ಓದಬಹುದಿತ್ತು.

ಮಕ್ಕಳ ಮಾತಾಯಿತು, ಬೇಸಾಯದ ಮಾತಿಗೆ ಬರೋಣ. ಪಹಣಿ ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಸೇರಿ ಇಪ್ಪತ್ತು ವರ್ಷಕ್ಕೂ ಹೆಚ್ಚಾಯಿತು. 2020ರ ಮುಂಗಾರಿನಿಂದ ನಮ್ಮ ಹೊಲದ ಬೆಳೆಯನ್ನು ನಾವೇ ಫೋನಿನಲ್ಲಿ ಚಿತ್ರ ತೆಗೆದು ಬೆಳೆ ಸಮೀಕ್ಷೆಗೆ ಕಳುಹಿಸುವ ಅವಕಾಶ ಬಂದಿದೆ. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ನಷ್ಟದ ಪರಿಹಾರ, ಇವೆಲ್ಲಕ್ಕೂ ಆ ಸಮೀಕ್ಷೆಯೇ ಆಧಾರ. ತೊಗರಿ ಬಿತ್ತಿದ ಹೊಲ ಸಮೀಕ್ಷೆಯಲ್ಲಿ ಬೀಳೆಂದು ದಾಖಲಾದರೆ ನಷ್ಟ ಯಾರಿಗೆ? ಹವಾಮಾನ ಇಲಾಖೆಯ ಕೃಷಿ ಸಲಹೆ ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬರುತ್ತದೆ. ಮೇಘದೂತ್ ಆ್ಯಪಿನಲ್ಲಿ ಅದನ್ನು ಓದಬಹುದು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಎಂಬ ಆ್ಯಪಿದೆ. ಕೃಷಿ ಮಾರಾಟ ವಾಹಿನಿಯಲ್ಲಿ ಮಾರುಕಟ್ಟೆಗಳ ಧಾರಣೆ ಸಿಗುತ್ತದೆ. ಇ-ಸಂಜೀವಿನಿಯಲ್ಲಿ ವೈದ್ಯರನ್ನು ಊರಲ್ಲೇ ಕುಳಿತು ಬಿಟ್ಟಿಯಾಗಿ ಕಾಣಬಹುದು. ಇವೆಲ್ಲವೂ ನಮ್ಮ ತೆರಿಗೆಯ ಹಣದಿಂದ ನಮಗಾಗಿಯೇ ಕಟ್ಟಿದ ಅನುಕೂಲಗಳು. ಊರಿಗೆ ಸಂಪರ್ಕವಿಲ್ಲದಿದ್ದರೆ ಇವು ಬಾಗಿಲು ಮುಚ್ಚಿದ ಉಗ್ರಾಣದಂತೆ.

2018ರಲ್ಲಿ ಕೇರಳದ ಎರ್ನಾಕುಲಂ ರೈಲ್ವೆ ನಿಲ್ದಾಣದ ಒಬ್ಬ ಹಮಾಲಿಯ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಅವರು ನಿಲ್ದಾಣದ ಉಚಿತ ವೈ-ಫೈಯಿಂದ ಪಾಠಗಳನ್ನು ಫೋನಿಗಿಳಿಸಿಕೊಂಡು, ಮೂಟೆ ಹೊರುವಾಗಲೇ ಕಿವಿಯಲ್ಲಿ ಕೇಳಿಸಿಕೊಂಡು, ಅಲ್ಲಿನ ಸರಕಾರಿ ಉದ್ಯೋಗದ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಬಿಟ್ಟಿ ಸಿಕ್ಕಿದ್ದನ್ನು ಜನ ಪೋಲು ಮಾಡುತ್ತಾರೆ ಎನ್ನುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಪೆಟ್ಟಿಗೆಯ ಒಳಗುಟ್ಟು

ವೈ-ಫೈ ಎಂಬುದು ಆಕಾಶದಿಂದ ಬೀಳುವ ವಸ್ತುವಲ್ಲ. ಗಾಜಿನ ಎಳೆಯುಳ್ಳ ಕೇಬಲ್ಲು ನೆಲದಡಿಯಲ್ಲೋ ಕಂಬಗಳ ಮೇಲೋ ಊರಿನವರೆಗೆ ಬರುತ್ತದೆ. ಅದಕ್ಕೆ ಆಪ್ಟಿಕಲ್ ಫೈಬರ್ ಎನ್ನುತ್ತಾರೆ. ಅದರ ಕೊನೆಯಲ್ಲಿ ರೂಟರ್ ಎಂಬ ಪೆಟ್ಟಿಗೆ ಕುಳಿತಿರುತ್ತದೆ. ಕೇಬಲ್ಲಿನಲ್ಲಿ ಬಂದದ್ದನ್ನು ಅದು ರೇಡಿಯೋ ಅಲೆಯಾಗಿ ಸುತ್ತಲೂ ಹರಡುತ್ತದೆ. ಬಯಲಿನಲ್ಲಿ ಸುಮಾರು ನೂರು ಮೀಟರು ಅದರ ಎಲ್ಲೆ. ದಪ್ಪ ಗೋಡೆ, ತಗಡಿನ ಮಾಡು ಅಡ್ಡ ಬಂದರೆ ಇನ್ನೂ ಕಡಿಮೆ. ಆದುದರಿಂದ ಒಂದು ಪೆಟ್ಟಿಗೆ ಇಡೀ ಊರಿಗೆ ಸಾಲದು. ಅದು ಒಂದು ಕಟ್ಟೆಗೆ, ಒಂದು ಅಂಗಳಕ್ಕೆ ಸಾಕು. ಈ ಅಲೆಗಳನ್ನು ಬಳಸಲು 2005ರಿಂದ ನಮ್ಮ ದೇಶದಲ್ಲಿ ಲೈಸೆನ್ಸು ಬೇಕಾಗಿಲ್ಲ.

ಹಳ್ಳಿಯವರೆಗೆ ಕೇಬಲ್ಲು ತರುವ ಕೆಲಸವನ್ನು ಕೇಂದ್ರ ಸರಕಾರ 2011ರಲ್ಲಿ ಕೈಗೊಂಡಿತು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳನ್ನು ಸೇರಿಸುವುದು ಅದರ ಗುರಿ. ಇದನ್ನೇ ಈಗ ಭಾರತ್‌ನೆಟ್ ಎಂದು ಕರೆಯುತ್ತೇವೆ. ಕೆಲಸ ಅಂದುಕೊಂಡಷ್ಟು ಬೇಗ ಸಾಗಲಿಲ್ಲ. 2023ರ ಆಗಸ್ಟಿನಲ್ಲಿ 1.39 ಲಕ್ಷ ಕೋಟಿ ರೂಪಾಯಿ ವೆಚ್ಚದ ತಿದ್ದುಪಡಿಯಾದ ಯೋಜನೆಗೆ ಮಂಜೂರಾತಿ ದೊರೆಯಿತು. ಹಣವೂ ಇದೆ, ಕೇಬಲ್ಲೂ ಬರುತ್ತಿದೆ. ಹೀಗಿರುವಲ್ಲಿ ತೊಂದರೆ ಎಲ್ಲಿದೆ?

ತೊಂದರೆ ಇರುವುದು ಉದ್ಘಾಟನೆಯ ಮಾರನೆಯ ದಿನದಲ್ಲಿ. ಟೇಪು ಕತ್ತರಿಸಿದ ದಿನ ಪೆಟ್ಟಿಗೆಯಲ್ಲಿ ಹಸಿರು ದೀಪ ಉರಿಯುತ್ತದೆ. ಮೂರು ತಿಂಗಳಿಗೆ ವಿದ್ಯುತ್ತಿನ ತಂತಿ ಸಡಿಲವಾಗುತ್ತದೆ. ಆರು ತಿಂಗಳಿಗೆ ಚರಂಡಿ ತೋಡುವ ಯಂತ್ರ ಕೇಬಲ್ಲನ್ನು ಹರಿಯುತ್ತದೆ. ವರ್ಷಕ್ಕೆ ತಿಂಗಳ ಬಿಲ್ಲು ಕಟ್ಟುವವರಿಲ್ಲದೆ ಸಂಪರ್ಕ ನಿಲ್ಲುತ್ತದೆ. ಬಳಿಕ ಪೆಟ್ಟಿಗೆಯ ಮೇಲೆ ಜೇಡ ಬಲೆ ಕಟ್ಟುತ್ತದೆ. ಯಾರನ್ನು ಕೇಳಿದರೂ "ಅದು ಸರಕಾರದ್ದು" ಎನ್ನುತ್ತಾರೆ. ಎಲ್ಲರದೂ ಆದ ವಸ್ತು ಯಾರದೂ ಅಲ್ಲದ ವಸ್ತುವಾಗುವುದು ಹೀಗೆ.

ನಮ್ಮ ಹಿರಿಯರ ಏರ್ಪಾಟು

ಕೆರೆಗಳನ್ನು ನಮ್ಮ ಹಿರಿಯರು ಹೇಗೆ ಕಾಪಾಡಿದರು ಎಂಬುದನ್ನು ನೋಡಿ. ಕಟ್ಟಿಸಿದವರು ಅರಸರೋ, ನಾಯಕರೋ, ಪುಣ್ಯ ಬಯಸಿದ ಒಬ್ಬ ಹೆಂಗಸೋ ಇರಬಹುದು. ಆದರೆ ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಕೂಗಿ ಹೇಳುವುದು, ಇದಕ್ಕೆಲ್ಲ ಒಬ್ಬ ನೀರುಗಂಟಿ ಇದ್ದ. ಅವನಿಗೆ ಕಣದಲ್ಲಿ ಪ್ರತಿಯೊಬ್ಬರೂ ಕಾಳು ಅಳೆದು ಕೊಡುತ್ತಿದ್ದರು. ನೀರಿಗೆ ಬೆಲೆ ಇರಲಿಲ್ಲ, ನೀರುಗಂಟಿಯ ಕೆಲಸಕ್ಕೆ ಬೆಲೆ ಇತ್ತು. ಆ ಏರ್ಪಾಟು ಸಡಿಲಿದ ಊರುಗಳಲ್ಲಿ ತೂಬು ಕೆಟ್ಟಿತು, ಕಾಲುವೆ ಮುಚ್ಚಿತು, ಹೂಳು ತುಂಬಿತು.

ವೈ-ಫೈಗೂ ಇದೇ ಮಾತು ಸಲ್ಲುತ್ತದೆ. ಬಳಸುವವರಿಗೆ ಉಚಿತವಾಗಿರಲಿ, ಆದರೆ ನಡೆಸುವುದಕ್ಕೆ ಖರ್ಚುಂಟು, ಕೆಲಸವುಂಟು. ಆ ಖರ್ಚು ಯಾರದು, ಆ ಕೆಲಸ ಯಾರದು ಎಂದು ಮೊದಲೇ ಗೊತ್ತುಮಾಡದ ಊರಿನಲ್ಲಿ ಪೆಟ್ಟಿಗೆ ನಿಲ್ಲುವುದಿಲ್ಲ.

ಹೊರಗಿನವರು ಇದನ್ನು ಹೇಗೆ ಬಗೆಹರಿಸಿಕೊಂಡರು ನೋಡಿ. ಐರೋಪ್ಯ ಒಕ್ಕೂಟವು 2018ರಿಂದ ಅಲ್ಲಿನ ಊರಾಡಳಿತಗಳಿಗೆ ಚೌಕ, ಉದ್ಯಾನ, ಗ್ರಂಥಾಲಯಗಳಲ್ಲಿ ಉಚಿತ ವೈ-ಫೈ ಹಾಕಿಸಲು ತಲಾ 15,000 ಯೂರೋ ಕೊಟ್ಟಿತು. ಆದರೆ ಒಂದು ಕಟ್ಟು ಹಾಕಿತು. ಒಕ್ಕೂಟದ ಹಣ ಉಪಕರಣಕ್ಕೆ ಮತ್ತು ಅದನ್ನು ಕೂರಿಸುವುದಕ್ಕೆ ಮಾತ್ರ; ತಿಂಗಳ ಬಿಲ್ಲು ಮತ್ತು ದುರಸ್ತಿಯ ಖರ್ಚನ್ನು ಕನಿಷ್ಠ 3 ವರ್ಷ ಆ ಊರೇ ಹೊರಬೇಕು. ಹಣವಂತ ದೇಶಗಳೇ ಹೀಗೆ ಮಾಡಿದವೆಂದ ಮೇಲೆ ನಾವು ಲೆಕ್ಕವಿಲ್ಲದೆ ಹೊರಡುವುದು ಸರಿಯಲ್ಲ.

ಬಡ ಊರಿನ ನಿದರ್ಶನ ಬೇಕಾದರೆ ನೇಪಾಳವನ್ನು ನೋಡಿ. ಮ್ಯಾಗ್ದಿ ಜಿಲ್ಲೆಯ ನಾಂಗಿ ಎಂಬ ಬೆಟ್ಟದೂರಿನ ಶಿಕ್ಷಕರಾದ ಮಹಾಬೀರ್ ಪುನ್ ಎಂಬುವರು, ಟೆಲಿಫೋನು ಕೂಡ ಇಲ್ಲದ ಆ ಸೀಮೆಗೆ 2002ರ ಸುಮಾರಿಗೆ ವೈ-ಫೈ ಸಂಪರ್ಕ ತಂದರು. ಟಿ.ವಿ. ಡಿಶ್ಶುಗಳಿಂದ ಆಂಟೆನಾ ಮಾಡಿದರು, ಬೆಟ್ಟದ ನೆತ್ತಿಯ ಮರಕ್ಕೆ ಕಟ್ಟಿದರು, ದೂರದ ಪೋಖರಾ ಪಟ್ಟಣದಿಂದ ಸಂಪರ್ಕ ಎಳೆದರು. ಬೆಟ್ಟದ ಜನ ದನ ಎಮ್ಮೆಗಳ ಮಾರಾಟದ ಸುದ್ದಿಯನ್ನು ಊರಿಂದೂರಿಗೆ ಅದರಲ್ಲೇ ಕಳುಹಿಸಿದರು. ಪಟ್ಟಣದ ವೈದ್ಯರ ಸಲಹೆ ಪಡೆದರು. 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಊರಿನವರು ಕೈ ಹಾಕದಿದ್ದರೆ ಒಬ್ಬರಿಂದ ಆಗತಕ್ಕ ಕೆಲಸ ಅದಲ್ಲ.

ಖರ್ಚಿನ ಲೆಕ್ಕ

2020ರ ಡಿಸೆಂಬರ್ 9ರಂದು ಕೇಂದ್ರ ಮಂತ್ರಿಮಂಡಲವು ಪಿ.ಎಂ.-ವಾಣಿ ಎಂಬ ಏರ್ಪಾಟಿಗೆ ಒಪ್ಪಿಗೆ ಕೊಟ್ಟಿತು. ಇದರಂತೆ ಚಹದಂಗಡಿಯವರಾಗಲಿ, ಡೇರಿಯಾಗಲಿ, ಸಹಕಾರ ಸಂಘವಾಗಲಿ ಲೈಸೆನ್ಸಿಲ್ಲದೆ, ಸರಕಾರಕ್ಕೆ ಫೀಜು ಕಟ್ಟದೆ ಸಾರ್ವಜನಿಕ ವೈ-ಫೈ ನಡೆಸಬಹುದು. ಹೀಗೆ ನಡೆಸುವ ಜಾಗಕ್ಕೆ ಪಬ್ಲಿಕ್ ಡೇಟಾ ಆಫೀಸು, ಅಂದರೆ ಪಿ.ಡಿ.ಒ. ಎಂದು ಹೆಸರಿಟ್ಟಿದ್ದಾರೆ. ನಮ್ಮಲ್ಲಿ ಪಿ.ಡಿ.ಒ. ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು. ಇದನ್ನು ಕೇಳಿ ಅವರ ಮೇಜಿನ ಮುಂದೆ ಸಾಲು ನಿಲ್ಲಬೇಡಿ. ಹೆಸರೊಂದೇ, ಕೆಲಸ ಬೇರೆ. ಪಿ.ಎಂ.-ವಾಣಿಯಲ್ಲಿ ನಡೆಸುವವರು ಗಂಟೆಗೆ ಇಷ್ಟೆಂದು ಹಣ ಪಡೆಯಬಹುದು, ಇಲ್ಲವೆ ಉಚಿತವಾಗಿಯೂ ಕೊಡಬಹುದು. ಆ ತೀರ್ಮಾನ ಊರಿನದು.

ಇಂಥ ಕೇಂದ್ರಗಳಿಂದ ಕಂಪನಿಗಳು ಹೆಚ್ಚು ಹಣ ಕೇಳುತ್ತವೆಂಬ ದೂರಿತ್ತು. 2025ರ ಜೂನ್‌ನಲ್ಲಿ ಟ್ರಾಯ್ ಸಂಸ್ಥೆಯು 200 ಎಂ.ಬಿ.ಪಿ.ಎಸ್. ವೇಗದವರೆಗಿನ ಮನೆ ಸಂಪರ್ಕದ ದರದ ಎರಡರಷ್ಟಕ್ಕಿಂತ ಹೆಚ್ಚು ಕೇಳಕೂಡದೆಂದು ಕಟ್ಟುಮಾಡಿತು. ಲೆಕ್ಕಕ್ಕಾಗಿ ಮನೆಗೆ ತಿಂಗಳ ದರ 500 ರೂಪಾಯಿ ಎಂದಿಟ್ಟುಕೊಳ್ಳಿ. ಕೇಂದ್ರಕ್ಕೆ ಹೆಚ್ಚೆಂದರೆ 1,000 ರೂಪಾಯಿ ಆಯಿತು. 200 ಮನೆಗಳ ಊರಾದರೆ ಮನೆಗೆ ತಿಂಗಳಿಗೆ 5 ರೂಪಾಯಿ ಬಿದ್ದಿತು. ಅದೊಂದು ಚಹದ ಬೆಲೆಯೂ ಅಲ್ಲ. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಪೆಟ್ಟಿಗೆಗಳು 25 ವ್ಯಾಟ್ ವಿದ್ಯುತ್ ಎಳೆದರೆ ದಿನಕ್ಕೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಕರೆಂಟು ಹೋದಾಗ ನಡೆಯಲು ಒಂದು ಸಣ್ಣ ಬ್ಯಾಟರಿ ಸಾಕು. ಇದನ್ನು ಪಂಚಾಯಿತಿಯೇ ತನ್ನ ಸ್ವಂತ ಆದಾಯದಿಂದ ಹೊರುವುದು ಇನ್ನೂ ಒಳ್ಳೆಯದು. ಏಕೆಂದರೆ ಮನೆಮನೆ ವಂತಿಗೆಯಲ್ಲಿ ಕೊಡಲಾರದವರು ಹಿಂಜರಿದು ದೂರ ನಿಲ್ಲುವ ಅಪಾಯವುಂಟು. ಆದರೆ ಮನೆ ತೆರಿಗೆ ಕಟ್ಟದೆ ಪಂಚಾಯಿತಿಯಲ್ಲಿ ಹಣವಿಲ್ಲ ಎಂದು ದೂರುವುದು ನ್ಯಾಯವಲ್ಲ.

ಎಲ್ಲಿಡಬೇಕು?

ಪೆಟ್ಟಿಗೆಯನ್ನು ಎಲ್ಲಿಡುತ್ತೀರಿ ಎಂಬುದರ ಮೇಲೆ ಅದು ಯಾರದಾಗುತ್ತದೆ ಎಂಬುದು ನಿಂತಿದೆ. ಗಂಡಸರು ಬೀಡಿ ಸೇದುತ್ತ ಕೂರುವ ಕಟ್ಟೆಯಲ್ಲಿಟ್ಟರೆ ಹೆಣ್ಣುಮಕ್ಕಳು ಆ ಕಡೆ ಸುಳಿಯುವುದಿಲ್ಲ. ಒಂದು ಕೇರಿಯವರು ಕಾಲಿಡಲು ಸಂಕೋಚಪಡುವ ಜಾಗದಲ್ಲಿಟ್ಟರೆ ಅದು ಸಾರ್ವಜನಿಕ ಎನ್ನಿಸಿಕೊಳ್ಳುವುದಿಲ್ಲ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು; ಈಗ ಅವುಗಳನ್ನು ಅರಿವು ಕೇಂದ್ರ ಎನ್ನುತ್ತೇವೆ. ಅಲ್ಲಿ ಸೂರಿದೆ, ಬೆಂಚಿದೆ, ಮೇಲ್ವಿಚಾರಕರಿದ್ದಾರೆ. ಮಕ್ಕಳಿಗೆ ಅದೇ ಯೋಗ್ಯ ಸ್ಥಳ. ಎರಡನೆಯ ಪೆಟ್ಟಿಗೆಗೆ ಅನುಕೂಲವಿದ್ದರೆ ಹಾಲಿನ ಡೇರಿಯನ್ನು ನೋಡಿ. ಬೆಳಗ್ಗೆ ಸಂಜೆ ಎರಡು ಹೊತ್ತೂ ತಾಯಂದಿರು ಅಲ್ಲಿಗೆ ಬರುತ್ತಾರೆ. ಹಾಲು ಅಳೆಯುವವರೆಗಿನ ಹದಿನೈದು ನಿಮಿಷದಲ್ಲಿ ಖಾತೆಗೆ ಬಂದ ಹಣ ನೋಡಬಹುದು, ಕರುವಿನ ಕಾಯಿಲೆಯ ಬಗ್ಗೆ ತಿಳಿಯಬಹುದು.

ಸರದಿಯ ನ್ಯಾಯ

ನಾಲೆಯ ಕೊನೆಯ ಭಾಗದ ರೈತರ ಕಷ್ಟ ನಿಮಗೆ ನಾನು ಹೇಳಬೇಕಾಗಿಲ್ಲ. ಮೇಲಿನವರು ತೂಬು ತೆರೆದೇ ಇಟ್ಟರೆ ಕೆಳಗಿನವರಿಗೆ ತೇವವೂ ಸಿಗದು. ವೈ-ಫೈ ಕೂಡ ನಾಲೆಯೇ. 100 ಎಂ.ಬಿ.ಪಿ.ಎಸ್. ಸಂಪರ್ಕವನ್ನು 40 ಜನ ಏಕಕಾಲಕ್ಕೆ ಬಳಸಿದರೆ ತಲೆಗೆ ಎರಡೂವರೆ ಮಾತ್ರ. ಸಂದೇಶಕ್ಕೆ, ಅರ್ಜಿಗೆ, ಪಾಠಕ್ಕೆ ಅದು ಧಾರಾಳ. ಆದರೆ ಒಂದು ಸ್ಫುಟವಾದ ಸಿನಿಮಾ ಒಂದರಿಂದಲೇ ಐದರಷ್ಟು ಹೀರುತ್ತದೆ. ಹತ್ತು ಹುಡುಗರು ಸಿನಿಮಾ ಹಚ್ಚಿ ಕೂತರೆ ಅರ್ಧ ನಾಲೆ ಮುಗಿಯಿತು. ಆದುದರಿಂದ ಒಬ್ಬೊಬ್ಬರಿಗೆ ಇಷ್ಟು ಹೊತ್ತು, ಇಷ್ಟು ವೇಗ ಎಂದು ಮಿತಿ ಹಾಕಿಸಿ. ರೈಲ್ವೆ ನಿಲ್ದಾಣಗಳಲ್ಲಿ ದಿನದ ಮೊದಲ ಅರ್ಧ ಗಂಟೆ ಉಚಿತವಾಗಿ ಕೊಟ್ಟು ಆಮೇಲೆ ಹಣ ಪಡೆಯುತ್ತಾರೆ. ಅಂಥ ಯಾವುದೇ ಕ್ರಮವಾಗಲಿ, ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿ, ಅಧ್ಯಕ್ಷರ ಮಗನಿಗೂ ಕೂಲಿಯವರ ಮಗನಿಗೂ ಒಂದೇ ಆಗಿರಲಿ.

ಎಚ್ಚರಿಕೆಯ ಮಾತುಗಳು

ಸಾರ್ವಜನಿಕ ವೈ-ಫೈ ಬಳಸುವವರ ಗುರುತು ತಿಳಿದಿರಬೇಕೆಂಬುದು ನಿಯಮ. ಅದಕ್ಕಾಗಿ ಫೋನಿಗೆ ಒ.ಟಿ.ಪಿ. ಎಂಬ ಸಂಖ್ಯೆ ಬರುತ್ತದೆ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಯ ಊರಿನಲ್ಲಿ ಆ ಸಂಖ್ಯೆಯೇ ಬಾರದೆ ವೈ-ಫೈ ಇದ್ದೂ ಇಲ್ಲದಂತಾಗಬಹುದು. ಪಿ.ಎಂ.-ವಾಣಿಯ ಆ್ಯಪಿನಲ್ಲಿ ಒಮ್ಮೆ ನೋಂದಾಯಿಸಿದರೆ ಸಾಕು. ಸಿಗ್ನಲ್ ಇರುವ ಪೇಟೆಗೆ ಹೋದಾಗ ಆ ಕೆಲಸ ಮುಗಿಸಿಕೊಂಡು ಬನ್ನಿ.

ವೈ-ಫೈಗಾಗಿ ಬಂದ ಸಂಖ್ಯೆಯನ್ನಾಗಲಿ, ಬ್ಯಾಂಕಿನ ಸಂಖ್ಯೆಯನ್ನಾಗಲಿ ಫೋನಿನಲ್ಲಿ ಕೇಳುವವರಿಗೆ ಹೇಳಬೇಡಿ. ಹಣ ಕಳಿಸುವುದಕ್ಕೆ ಪಿನ್ ಬೇಕು, ಹಣ ಪಡೆಯುವುದಕ್ಕೆ ಬೇಡ. ಪಡೆಯಲು ಪಿನ್ ಒತ್ತಿ ಎಂದವನು ಮೋಸಗಾರ. ಕೇಂದ್ರದ ವೈ-ಫೈ ಹೆಸರನ್ನು ಗೋಡೆಯ ಮೇಲೆ ಬರೆಸಿ, ಅದೇ ಹೆಸರನ್ನು ನೋಡಿ ಸೇರಿಕೊಳ್ಳಿ. ಬ್ಯಾಂಕಿನ ವ್ಯವಹಾರಕ್ಕೆ ಸ್ವಂತ ಸಿಮ್ಮಿನ ಡೇಟಾ ಬಳಸುವುದು ಕ್ಷೇಮ. ಹಣ ಹೋದದ್ದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಿ. ತಡಮಾಡಿದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಕೇಬಲ್ಲಿನ ಬಗ್ಗೆಯೂ ಒಂದು ಮಾತು. ಅದರೊಳಗೆ ತಾಮ್ರವಿಲ್ಲ, ಕತ್ತರಿಸಿ ಮಾರಿದರೆ ಯಾರಿಗೂ ಕಾಸು ಹುಟ್ಟುವುದಿಲ್ಲ. ಬದು, ಚರಂಡಿ, ನಲ್ಲಿಗಾಗಿ ರಸ್ತೆಯಂಚಿನಲ್ಲಿ ಅಗೆಯುವ ಮುನ್ನ ಪಂಚಾಯಿತಿಗೆ ತಿಳಿಸಿ. ಅಗೆಯುವವರು ಕೇಬಲ್ಲಿನ ಒಡೆಯರಿಗೆ ಮುಂಚಿತವಾಗಿ ತಿಳಿಸಲೆಂದೇ 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪು ಬಂದಿದೆ. ಗುತ್ತಿಗೆದಾರರಿಗೆ ಅದನ್ನು ನೆನಪಿಸುವ ಹಕ್ಕು ನಿಮಗಿದೆ.

ಕೂಡಿ ಕೇಳಿದ ಊರು

ಕೊನೆಯದಾಗಿ, ಹಿಂದಿನ ಒಂದು ಪ್ರಯೋಗವನ್ನು ನೆನಪಿಸುತ್ತೇನೆ. 1956ರಲ್ಲಿ ಆಕಾಶವಾಣಿಯು ಯುನೆಸ್ಕೋ ನೆರವಿನಿಂದ ಪುಣೆಯ ಸುತ್ತಿನ ಸುಮಾರು 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳನ್ನು ನಡೆಸಿತು. ವಾರಕ್ಕೆರಡು ಸಲದಂತೆ ಹತ್ತು ವಾರ, ಕೂಟದವರು ಒಂದೆಡೆ ಕುಳಿತು ಕಾರ್ಯಕ್ರಮ ಕೇಳಿದರು, ಆಮೇಲೆ ಚರ್ಚೆ ಮಾಡಿದರು. ಪರೀಕ್ಷಿಸಿ ನೋಡಿದಾಗ, ಕೂಡಿ ಕೇಳಿ ಚರ್ಚಿಸಿದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳ ಬೆಳೆದಿತ್ತು. ಬರಿಯ ರೇಡಿಯೋ ಇದ್ದ, ಕೂಟವಿಲ್ಲದ ಹಳ್ಳಿಗಳಲ್ಲಿ ಅಷ್ಟಾಗಿ ಬೆಳೆದಿರಲಿಲ್ಲ. ಪೆಟ್ಟಿಗೆ ಎರಡು ಕಡೆಯೂ ಒಂದೇ. ವ್ಯತ್ಯಾಸ ಮಾಡಿದ್ದು ಕೂಟ. 1959ರಲ್ಲಿ ಆ ಕ್ರಮವನ್ನು ದೇಶಕ್ಕೆಲ್ಲ ಹಬ್ಬಿಸಿದರು.

ನಮ್ಮ ವೈ-ಫೈ ಕೇಂದ್ರದಲ್ಲಿಯೂ ಶುಕ್ರವಾರ ಸಂಜೆ ಒಂದು ಗಂಟೆ ಕೂಟ ಸೇರಲಿ. ಓದು ಬಲ್ಲ ಹುಡುಗ ಅಥವಾ ಹುಡುಗಿ ಹವಾಮಾನದ ಸಲಹೆಯನ್ನು, ವಾರದ ಧಾರಣೆಯನ್ನು ಗಟ್ಟಿಯಾಗಿ ಓದಲಿ. ಓದು ಬಾರದ ಹಿರಿಯರೂ ಕೇಳಲಿ, ತಮ್ಮ ಅನುಭವ ಹೇಳಲಿ. ಹಾಗಾದಾಗ ಫೋನಿಲ್ಲದ ಮನೆಗೂ ವೈ-ಫೈ ತಲುಪಿದಂತಾಯಿತು.

ಬಾಂಧವರೆ, ಮುಂದಿನ ಗ್ರಾಮಸಭೆಯಲ್ಲಿ ನೀವು ಆರು ವಿಷಯಗಳನ್ನು ಗೊತ್ತುಮಾಡಿ, ನಡವಳಿ ಪುಸ್ತಕದಲ್ಲಿ ಬರೆಸಿ: ಪೆಟ್ಟಿಗೆ ಯಾವ ಜಾಗದಲ್ಲಿ, ತಿಂಗಳ ಬಿಲ್ಲು ಯಾವ ಲೆಕ್ಕದಿಂದ, ನೋಡಿಕೊಳ್ಳುವವರು ಯಾರು, ಅವರಿಗೆ ಸಂಭಾವನೆ ಎಷ್ಟು, ಬಳಕೆಯ ಮಿತಿ ಎಷ್ಟು, ಕೆಟ್ಟರೆ ಎಷ್ಟು ದಿನದೊಳಗೆ ಯಾರು ಯಾರಿಗೆ ತಿಳಿಸಬೇಕು. ನೋಡಿಕೊಳ್ಳುವ ಕೆಲಸಕ್ಕೆ ಊರಿನಲ್ಲೇ ಓದಿ ಕುಳಿತಿರುವ ಒಬ್ಬ ಯುವಕನನ್ನೋ ಯುವತಿಯನ್ನೋ ಆರಿಸಿ. ರೂಟರ್ ಆರಿಸಿ ಹಚ್ಚುವುದು, ದೀಪ ನೋಡಿ ದೋಷ ಗುರುತಿಸುವುದು, ದೂರು ದಾಖಲಿಸುವುದು, ಇಷ್ಟನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಅವರ ಹೆಸರು, ಫೋನ್ ನಂಬರು ಪೆಟ್ಟಿಗೆಯ ಪಕ್ಕದಲ್ಲೇ ಬರೆದಿರಲಿ.

ಕೇಬಲ್ಲು ಸರಕಾರ ತರಲಿ, ಪೆಟ್ಟಿಗೆ ಯಾರೇ ಕೊಡಲಿ; ಅದರ ನೀರುಗಂಟಿಯನ್ನು ನೇಮಿಸಿ ಅವನ ಕಾಳು ಅಳೆಯತಕ್ಕವರು ನಾವು. ಅಷ್ಟು ಮಾಡಿದ ಊರಿನಲ್ಲಿ ಹಸಿರು ದೀಪ ಉದ್ಘಾಟನೆಯ ದಿನದಂತೆ ಹತ್ತನೆಯ ವರ್ಷವೂ ಉರಿಯುತ್ತದೆ. ನಿಮ್ಮ ಊರು ಅಂಥ ಊರುಗಳ ಸಾಲಿನಲ್ಲಿ ಸೇರಲಿ ಎಂದು ಹಾರೈಸಿ, ಈ ನಾಲ್ಕು ಮಾತುಗಳನ್ನು ಮುಗಿಸುತ್ತೇನೆ.